ಕ್ರಾಸಿನ ಎರಡು ತಾಸು

ಈ ಒಪ್ಪಂದಕ್ಕೆ ತೆತ್ತದ್ದು ಒಬ್ಬ ಹೆಣ್ಣುಮಗಳ ಜೀವ. ತೆತ್ತವನು ನಾನಲ್ಲ, ಆದರೆ ಒಪ್ಪಂದ ಕುದುರಿಸಿದವನು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ಕೋವಿಡ್ ಕಳೆದು ಎರಡು ವರ್ಷವಾಗಿತ್ತು. ನಾನಾಗ ದಾಂಡೇಲಿಯಲ್ಲಿ ಮರದ ದಲ್ಲಾಳಿ. ರೈತರ ಸ್ವಂತ ಜಮೀನಿನಲ್ಲಿ ಬೆಳೆದ ಮರಗಳನ್ನು ಸಾಮಿಲ್ ಮಾಲೀಕರಿಗೆ ಕೊಡಿಸುವುದು ನನ್ನ ಕೆಲಸ. ಹಮಾಲಿಯಾಗಿ ದಿಮ್ಮಿ ಹೊತ್ತು ಶುರುಮಾಡಿದವನು, ಮಾತಿನಿಂದಲೇ ಮೇಲೆ ಬಂದೆ. ಊರಿನಲ್ಲಿ ಎಲ್ಲಿ ಹಗ್ಗಜಗ್ಗಾಟವಾದರೂ ನನ್ನನ್ನು ಕರೆಯುತ್ತಿದ್ದರು.

ಆ ವರ್ಷ ದಾಂಡೇಲಿ, ಹಳಿಯಾಳ ಎರಡಕ್ಕೂ ಸೇರಿ ಹಗಲಿಗೆ ಒಂದು ಹೆಚ್ಚಿನ ಪೊಲೀಸ್ ಗಸ್ತು ಜೀಪು ಕೊಡುವ ಪ್ರಸ್ತಾಪ ಬಂತು. ಜೀಪು ಗೊತ್ತಾದ ಹೊತ್ತಿಗೆ ಗೊತ್ತಾದ ಜಾಗದಲ್ಲಿ ನಿಲ್ಲಬೇಕು. ಅದಕ್ಕೆ ಪಾಯಿಂಟ್ ಡ್ಯೂಟಿ ಎನ್ನುತ್ತಾರೆ. ಎಲ್ಲಿ, ಎಷ್ಟು ಹೊತ್ತು ಎಂಬುದನ್ನು ಎರಡೂ ಊರಿನವರು ಕೂತು ಒಪ್ಪಿಕೊಂಡರೆ ಮೂರು ತಿಂಗಳು ಹಾಗೆಯೇ ನಡೆಸಿ ನೋಡೋಣ ಎಂದು ಮೇಲಿನಿಂದ ಸೂಚನೆ ಇತ್ತಂತೆ. ಸಭೆ ಹಳಿಯಾಳದ ಒಂದು ಕಲ್ಯಾಣ ಮಂಟಪದಲ್ಲಿ. ಸುಮಾರು ನೂರು ಜನ. ನಮ್ಮ ಕಡೆಯಿಂದ ನಾನು, ಅವರ ಕಡೆಯಿಂದ ಗೋವಿನಜೋಳದ ವ್ಯಾಪಾರಿ ಬಸವಣ್ಣೆಪ್ಪ.

ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಒಂದು ಪಟ್ಟಿ ತಂದಿದ್ದರು. ಬೆಳಿಗ್ಗೆ ಹಳಿಯಾಳ, ಮಧ್ಯಾಹ್ನ ದಾಂಡೇಲಿ, ಮೂರರಿಂದ ಐದು ಎರಡೂ ಊರಿನ ನಡುವಿನ ಒಂದು ಕ್ರಾಸಿನಲ್ಲಿ, ಸಂಜೆ ಮತ್ತೆ ಹಳಿಯಾಳ. ನಾನು ಎದ್ದು, ಕಾರ್ಖಾನೆಯ ಭೋಂಗಾ, ಅಂದರೆ ಸೈರನ್, ಊದಿ ಪಾಳಿ ಬಿಡುವ ಹೊತ್ತಿಗೆ ನಮ್ಮ ರಸ್ತೆಗಳಲ್ಲಿ ಗದ್ದಲ ಹೆಚ್ಚು, ನಮಗೆ ಸಮಯ ಸಾಲದು ಎಂದೆ.

“ದಾಂಡೇಲಿ ಮಂದಿಗೆ ಭೋಂಗಾ ಊದಿದ್ರನ ಹಸಿವು, ಭೋಂಗಾ ಊದಿದ್ರನ ನಿದ್ದಿ. ಇನ್ನ ಪೊಲೀಸ್ರೂ ಭೋಂಗಾಕ್ಕ ಬರಬೇಕೇನ್ರಿ?” ಎಂದ ಬಸವಣ್ಣೆಪ್ಪ.

“ನಿಮ್ಮ ಬಾಜಾರಕ್ಕ ಬೆಳಗಿಂದ ಜೀಪ್ ಯಾಕ್ರಿ ಮತ್ತ? ಅಲ್ಲಿ ತೂಕದಾಗ ಹೋಗೂದು ಪೊಲೀಸ್ರಿಗೆ ಕಾಣೂದಿಲ್ಲ ಬಿಡ್ರಿ” ಎಂದೆ.

ಜನ ನಕ್ಕರು. ಹೀಗೆಯೇ ಒಂದೂವರೆ ತಾಸು ಎಳೆದಾಡಿದೆವು. ಅವರು ಒಂದು ನಿಮಿಷ ಬಿಡಲೊಲ್ಲರು, ನಾವೂ ಬಿಡಲೊಲ್ಲೆವು. ಕೊನೆಗೆ ನನಗೆ ದಾರಿ ಹೊಳೆಯಿತು. ಕ್ರಾಸಿನ ಎರಡು ತಾಸಿಗೆ ವಾರಸುದಾರರೇ ಇಲ್ಲ. ಮೂರರಿಂದ ನಾಲ್ಕು ನಮಗೆ, ನಾಲ್ಕರಿಂದ ಐದು ಅವರಿಗೆ. ಹೇಳಿದ ಕೂಡಲೇ ಬಸವಣ್ಣೆಪ್ಪ ಕೈ ಚಾಚಿದ.

ಸಾಹೇಬರು ಮಾತ್ರ, “ಆ ಎರಡು ತಾಸು ಬಿಡ್ರಿ. ಅದಕ್ಕ ಕಾರಣ ಐತಿ” ಎಂದರು.

“ಏನ್ ಕಾರಣ ಸಾಹೇಬ್ರ?”

“ಇಲ್ಲಿ ಹೇಳಾಕ ಬರೂದಿಲ್ಲ.”

ನಮ್ಮ ದಂಧೆಯಲ್ಲಿ ಇದು ದಿನವೂ ಕೇಳುವ ಮಾತು. ಹೊಲದ ಮರಗಳಿಗೆಲ್ಲ ದರ ಹೇಳಿದ ರೈತ ಒಂದು ಸಾಗವಾನಿ ತೋರಿಸಿ, ಇದನ್ನು ಮಾತ್ರ ಕೊಡುವುದಿಲ್ಲ, ಕಾರಣ ಕೇಳಬೇಡಿ ಎನ್ನುತ್ತಾನೆ. ಅದು ದರ ಏರಿಸುವ ಉಪಾಯ. ಸ್ವಲ್ಪ ಪಟ್ಟು ಹಿಡಿದರೆ ಕೊಟ್ಟೇ ಕೊಡುತ್ತಾನೆ. ಮೂವತ್ತು ವರ್ಷ ಹಾಗೆ ಗೆದ್ದವನು ನಾನು, ಸಾಹೇಬರ ಮಾತನ್ನೂ ಅದೇ ತಕ್ಕಡಿಗೆ ಹಾಕಿದೆ. “ಎರಡೂ ಊರು ಒಪ್ಪ್ಯಾವರಿ, ಬರಕೊಳ್ರಿ” ಎಂದೆ. ಜನರ ಒಪ್ಪಂದದಂತೆ ನಡೆಸಬೇಕೆಂಬ ಸೂಚನೆ ಅವರ ಕೈ ಕಟ್ಟಿತ್ತು. ಬರೆದುಕೊಂಡರು.

ಆಗ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ಕ್ರಾಸಿನಲ್ಲಿ ಚಹಾದಂಗಡಿ ಇಟ್ಟಿದ್ದ ಶಾಂತವ್ವ.

“ಅಣ್ಣಾರ, ಆ ಎರಡು ತಾಸು ನಮಗ ಬೇಕಾಗಿತ್ರಿ.”

“ಅಲ್ಲಿ ಏನೈತಿ ಯಕ್ಕಾ? ನಿನ್ನ ಚಹಾ ಕುಡಿಯಾಕ ಪೊಲೀಸ್ರು ಬೇಕೇನು?”

ಮತ್ತೆ ನಗು. ಆಕೆ ಸೆರಗು ಹೊದ್ದುಕೊಂಡು, “ಆ ಹೊತ್ತಿಗೆ ಗಂಡಸರು ಹೊಲದಾಗ ಇರ್ತಾರ್ರಿ” ಎಂದಳು.

“ಫೋನ್ ಹಚ್ಚು. ಜೀಪ್ ಯಾವ ಊರಾಗಿದ್ರೂ ಓಡಿ ಬರ್ತಾರ” ಎಂದೆ. ಆಕೆ ಕೂತಳು. ನನಗೆ ಶಾಲು ಹೊದಿಸಿದರು.

ಮೂರು ವಾರ ಕಳೆದಿತ್ತು. ಒಂದು ಮಧ್ಯಾಹ್ನ ಮೂರೂ ಕಾಲಿಗೆ ದಾಂಡೇಲಿಯ ಸರ್ಕಲ್ಲಿನಲ್ಲಿ ಚಹಾ ಕುಡಿಯುತ್ತ ನಿಂತಿದ್ದೆ. ನಾನು ಗೆದ್ದುಕೊಟ್ಟ ತಾಸದು, ಜೀಪು ಎದುರಿಗೇ ಇತ್ತು. ಅದರೊಳಗಿನ ಪೊಲೀಸರಿಗೆ ಫೋನು ಬಂದದ್ದೇ ತಡ, ಜೀಪು ಹಳಿಯಾಳ ರಸ್ತೆಗೆ ತಿರುಗಿ ಓಡಿತು. ಪಕ್ಕದವನಿಗೆ, “ನೋಡಿದಿ? ಹೆಂಗ ಹೊಂಟಾರ” ಎಂದೆ. ಆ ಮಾತು ಈಗಲೂ ನನ್ನ ಬಾಯಲ್ಲಿ ಕಹಿಯಾಗಿ ಉಳಿದಿದೆ.

ಕ್ರಾಸ್ ಮುಟ್ಟಲು ಅವರಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಶಾಂತವ್ವನ ಮಗಳು ಸುನೀತಾ ಗಂಡನ ಹೊಡೆತ ತಾಳದೆ, ಒಂದನೇ ತರಗತಿಯ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಅವನು ಗುತ್ತಿಗೆ ಕೆಲಸದವನು. ಬೆಳಗಿನ ಪಾಳಿ ಮುಗಿಸಿ, ಕುಡಿದು, ಮೂರರ ಸುಮಾರಿಗೆ ಬೈಕಿನಲ್ಲಿ ಬಂದು ಕೊಲ್ಲುತ್ತೇನೆಂದು ಹೆದರಿಸಿ ಹೋಗುತ್ತಿದ್ದ. ಆ ದಿನ ಸುನೀತಾ ಒಬ್ಬಳೇ ಇದ್ದಾಗ ಮನೆ ಹೊಕ್ಕು ಒಳಗಿನಿಂದ ಅಗಳಿ ಹಾಕಿದ. ತಾಯಿ ಹೊರಗೆ ಬಾಗಿಲು ಬಡಿಯುತ್ತಿದ್ದಳು. ಪೊಲೀಸರು ಬಾಗಿಲು ಒಡೆದು ಅವನನ್ನು ಹಿಡಿದರು. ಆಸ್ಪತ್ರೆ ಮುಟ್ಟುವ ಮೊದಲೇ ಸುನೀತಾ ತೀರಿಕೊಂಡಳು.

ಮರುದಿನ ಸ್ಟೇಷನ್ನಿಗೆ ಹೋದೆ. ಸಾಹೇಬರು ಬೈಯಲಿಲ್ಲ. ಅವರು ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ.

“ಆ ತಾಯಿ ಅರ್ಜಿ ಕೊಟ್ಟಿದ್ಲು. ಮಗಳ ಹೆಸರು ಹೊರಗ ಬರಬಾರದು ಅಂತ ಕೈ ಮುಗದಿದ್ಲು. ಕ್ರಾಸ್‌ನ್ಯಾಗ ಜೀಪ್ ಕಂಡ್ರ ಅವ ಬೈಕ್ ತಿರುಗಿಸ್ತಾನ ಅಂತ ಗೊತ್ತಿತ್ತು. ಅದಕ್ಕ ಪಟ್ಯಾಗ ಹಾಕಿದ್ದೆ” ಎಂದಷ್ಟೇ ಹೇಳಿದರು.

ಕ್ರಿಯಾಕರ್ಮ ಮುಗಿದ ಮೇಲೆ ಕ್ರಾಸಿಗೆ ಹೋದೆ. ಒಂದು ಮರ ಕೊಳ್ಳುವ ಮುಂಚೆ ಮೂರು ಸಲ ಸುತ್ತಿ ಬರುವವನು, ಆ ಜಾಗಕ್ಕೆ ಕಾಲಿಟ್ಟದ್ದು ಅದೇ ಮೊದಲು. ಆರು ಮನೆ, ಒಂದು ಬಸ್ ತಂಗುದಾಣ, ಸುತ್ತ ಗೋವಿನಜೋಳ. ಮೂರು ಗಂಟೆಯ ಬಿಸಿಲಿನಲ್ಲಿ ಕೂಗಿದರೆ ಓ ಎನ್ನುವವರಿರಲಿಲ್ಲ.

ಶಾಂತವ್ವ ಅಂಗಡಿ ತೆರೆದಿದ್ದಳು. ನನಗೂ ಚಹಾ ಇಟ್ಟಳು.

“ತಪ್ಪಾತು ಯಕ್ಕಾ” ಎಂದೆ.

ಆಕೆ ಒಲೆಯ ಉರಿ ಸಣ್ಣ ಮಾಡಿದಳು. “ನೂರು ಮಂದಿ ಗಂಡಸರ ಮುಂದ ಮಗಳ ಸಂಸಾರ ಹೆಂಗ ಬಿಚ್ಚಲಿರಿ? ಬಿಚ್ಚಬೇಕಾಗಿತ್ತು. ಮಾನ ಉಳಿಸಿದೆ, ಮಗಳನ್ನ ಕಳಕೊಂಡೆ.” ಚಹಾ ಸೋಸಿ ಕೊಡುತ್ತ ಕೇಳಿದಳು: “ಅವ ಜಾಮೀನಿನ ಮ್ಯಾಲ ಹೊರಗ ಬಂದ್ರ, ಜೀಪ್ ಎಷ್ಟೊತ್ತಿಗೆ ಬರ್ತೈತ್ರಿ? ನಾಕಕ್ಕ ಮೊಮ್ಮಗಳು ಸಾಲಿ ಮುಗಿಸಿ ಇಲ್ಲಿ ಬಸ್ ಇಳೀತಾಳ.”

ಆ ವಾರವೇ ಮತ್ತೆ ಸಭೆ ಕರೆಸಿದೆ. ಹತ್ತು ನಿಮಿಷದಲ್ಲಿ ಎರಡೂ ಊರು ತಮ್ಮ ತಮ್ಮ ತಾಸು ಬಿಟ್ಟುಕೊಟ್ಟವು. ಬಸವಣ್ಣೆಪ್ಪ ತಲೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಂದು ಒಂದೂವರೆ ತಾಸು ಕಾದಾಡಿ ಕೊನೆಗೆ ಕಿತ್ತುಕೊಂಡದ್ದು, ಅಷ್ಟು ಸುಲಭವಾಗಿ ಬಿಡಬಹುದಾಗಿದ್ದ ಎರಡು ತಾಸು.

ನಿಮ್ಮ ಊರಿನಲ್ಲೂ ಇಂಥ ಸಭೆ ನಡೆದೀತು. ಪೊಲೀಸರದೇ ಆಗಬೇಕೆಂದಿಲ್ಲ, ನೀರಿನದಿರಬಹುದು, ಬಸ್ಸಿನದಿರಬಹುದು. ನಿಮ್ಮ ಪಾಲಿಗಾಗಿ ಜಗ್ಗಾಡಿ, ತಪ್ಪಿಲ್ಲ. ಆದರೆ ಯಾರಾದರೂ ಕಾರಣ ಹೇಳದೆ ಇದನ್ನು ಬಿಡಿ ಎಂದರೆ, ಆ ಒಂದು ವಿಷಯವನ್ನು ಅಂದು ಮುಗಿಸಬೇಡಿ, ಒಂದು ವಾರ ಮುಂದಕ್ಕೆ ಹಾಕಿ. ಕಾರಣವನ್ನು ಸಭೆಯಲ್ಲಿ ಕೇಳಬೇಡಿ. ಹೆಣ್ಣುಮಗಳಾಗಿದ್ದರೆ ನಿಮ್ಮ ಮನೆಯ ಹೆಂಗಸರನ್ನು ಆಕೆಯ ಮನೆಗೆ ಕಳಿಸಿ, ಗಂಡಸರ ಮುಂದೆ ಆಡದ ಮಾತನ್ನು ಅವರ ಮುಂದೆ ಆಡಿಯಾಳು. ನೀವು ಕಿತ್ತುಕೊಳ್ಳಬೇಕೆಂದಿರುವ ಹೊತ್ತಿಗೇ ಆ ಜಾಗಕ್ಕೆ ಹೋಗಿ, ಒಬ್ಬರೇ ನಿಂತು ಸುತ್ತ ನೋಡಿ. ಹೋಗಿ ನಿಲ್ಲಲು ಪುರಸೊತ್ತಿಲ್ಲದಿದ್ದರೆ ಆ ಹೊತ್ತನ್ನು ಮುಟ್ಟಲೇಬೇಡಿ.