ಗೋಡೆಗೆ ತಿರುಗಿಸಿದ ಕ್ಯಾಮೆರಾ

ಪುಣೆಯ ನಮ್ಮ ವಸ್ತಿಯಲ್ಲಿ, ನೀರಿನ ಟಾಕಿಯ ಹಿಂದಿರುವ ಒಂದು ಖೋಲಿಯ ಬಾಗಿಲಲ್ಲಿ, ಎಡಭುಜವನ್ನು ಚೌಕಟ್ಟಿಗೆ ಆನಿಸಿ ನಾನು ನಿಂತಿದ್ದೆ. ಕಳೆದ ವರ್ಷ, ಗಣಪತಿ ಹಬ್ಬಕ್ಕೆ ಮುಂಚಿನ ಮಂಗಳವಾರ, ಬೆಳಗಿನ ಹೊತ್ತು. ಬಲಗಡೆ ಗೋಡೆಯ ಮೇಲೆ, ನೆತ್ತಿಗೆ ಪುಟ್ಟ ಕ್ಯಾಮೆರಾ ಸಿಕ್ಕಿಸಿದ, ಟಿವಿಯಷ್ಟು ದೊಡ್ಡ ಸ್ಕ್ರೀನು. ಅದರೊಳಗೆ ಭುಜದ ಮಟ್ಟಿಗೆ ಒಬ್ಬ ಡಾಕ್ಟರಮ್ಮ. ಎಡಗಡೆ ಹಗ್ಗಕ್ಕೆ ಇಳಿಬಿಟ್ಟ ಹಳೆಯ ಸೀರೆಯ ಮರೆ. ಒಳಗಿದ್ದವರಿಗೆ ಒಂದು ಕಂಡರೆ ಇನ್ನೊಂದು ಕಾಣುತ್ತಿರಲಿಲ್ಲ. ಬಾಗಿಲಲ್ಲಿದ್ದ ನನಗೆ ಎರಡೂ ಕಾಣುತ್ತಿದ್ದವು. ಗೋಡೆಯ ಮೇಲಿನ ತಲೆ "ಕಾಲು ತೋರಿಸಿ" ಎಂದಿತು. ಸ್ಟೂಲಿನ ಮೇಲಿದ್ದ ಇಮಾಂಬಿ ಬಲಗಾಲನ್ನೆತ್ತಿ ಗೋಡೆಗೆ ತೋರಿಸಿದಳು. ನಾನು ಹುಟ್ಟಿದ, ಜಗಳೂರು ಸೀಮೆಯ ಬಿಳಿಚೋಡಿನಲ್ಲಿ ಹಿರಿಯರೆದುರು ಕಾಲು ಚಾಚಿ ಕೂತರೂ ಬೈಸಿಕೊಳ್ಳಬೇಕಿತ್ತು.

ಇದನ್ನು ಈಗ ಬರೆಯಲು ಕಾರಣವಿದೆ. ಊರ ಕಡೆಗೂ ಫೋನಿನ ಡಾಕ್ಟರು ಬರುತ್ತಾರಂತೆ. ಜಗಳೂರಿನಿಂದ, ಚನ್ನಗಿರಿಯಿಂದ ನನ್ನನ್ನು ಕೇಳುತ್ತಾರೆ: ಅದು ಒಳ್ಳೆಯದೋ ಕೆಟ್ಟದ್ದೋ, ನಿಮ್ಮ ಗಲ್ಲಿಯಲ್ಲಿ ಫೋನಿನ ಡಾಕ್ಟರು ಒಂದು ಜೀವ ತೆಗೆದರಂತೆ ನಿಜವೋ? ಒಂದೇ ಮಾತಿನಲ್ಲಿ ಉತ್ತರ ಹೇಳಲು ನನಗೆ ಆಗುತ್ತಿಲ್ಲ. ಕಂಡದ್ದನ್ನಷ್ಟೇ ಹೇಳುತ್ತೇನೆ.

ವಸ್ತಿ ಎಂದರೆ ಬಡವರು ಒತ್ತೊತ್ತಾಗಿ ಕಟ್ಟಿಕೊಂಡ ಕೇರಿ. ಖೋಲಿ ಎಂದರೆ ಕೋಣೆ. ನಮ್ಮಲ್ಲಿ ಅದೇ ಇಡೀ ಮನೆ. ನಾನು ಕಾರಿನ ಸೀಟುಗಳಿಗೆ ಕವರು ಹೊಲಿಯುತ್ತೇನೆ. ಬಂದ ಹೊಸದರಲ್ಲಿ ಅಂಗಡಿಯಲ್ಲಿ ರಾಗಿ ಹಿಟ್ಟು ಕೇಳಿ ಬರಿಗೈಲಿ ಬರುತ್ತಿದ್ದೆ. ಇಲ್ಲಿ ಅದಕ್ಕೆ ನಾಚಣಿ ಎನ್ನಬೇಕು. ಊರಲ್ಲಿ ಜಗಳೂರಿನವರನ್ನು ಕಂಡರೆ ಚನ್ನಗಿರಿಯವರಿಗೆ ತಾತ್ಸಾರ, ನೀರಿಲ್ಲದ ಸೀಮೆಯವರೆಂದು. ಇಲ್ಲಿ ಇಬ್ಬರೂ ಒಂದೇ ನಲ್ಲಿಯ ಮುಂದೆ ಕೊಡ ಇಟ್ಟು ನಿಲ್ಲುತ್ತೇವೆ. ಮರಾಠಿಯವರಿಗೆ ನಾವೆಲ್ಲ ಬರೀ 'ಕಾನಡಿ' ಜನ. ನಮ್ಮಲ್ಲೇ ಪಿಂಜಾರರು, ಲಂಬಾಣಿಗರು, ನಾವು ಎಂಬ ಭೇದವನ್ನು ಇಟ್ಟುಕೊಳ್ಳಲು ಈ ಗಲ್ಲಿಯಲ್ಲಿ ಜಾಗ ಸಾಲದು.

ನನ್ನ ಪಕ್ಕದ ಖೋಲಿ ದಾದಾಪೀರನದು. ಅವನ ಹೆಂಡತಿ ಶಬಾನಾ ಚನ್ನಗಿರಿಯ ಹುಡುಗಿ, ಆಗ ಎಂಟು ತಿಂಗಳ ಬಸುರಿ. ಇಮಾಂಬಿ ಅವಳ ಓರಗಿತ್ತಿ, ಬಾಣಂತನಕ್ಕೆಂದು ಜಗಳೂರಿನಿಂದ ಬಂದಿದ್ದಳು. ಶಬಾನಾಗೆ ಕೆಲವು ದಿನಗಳಿಂದ ತಲೆ ಸಿಡಿಯುತ್ತಿತ್ತು. ದೊಡ್ಡಾಸ್ಪತ್ರೆ ದೂರ, ಹೋದರೆ ದಾದಾಪೀರನ ಒಂದು ದಿನದ ಕೆಲಸ ಹೋಯಿತು, ಮೇಲೆ ಅಲ್ಲಿಯವರ ಮರಾಠಿ. ಟಾಕಿಯ ಹಿಂದಿನ ಖೋಲಿಯಲ್ಲಾದರೆ ಎಲ್ಲೋ ಕೂತ ಡಾಕ್ಟರು ಸ್ಕ್ರೀನಿನಲ್ಲಿ ಬರುತ್ತಿದ್ದರು. ಅದನ್ನು ನೋಡಿಕೊಳ್ಳುವವಳು ಸೇವಂತಿಬಾಯಿ, ನ್ಯಾಮತಿ ಕಡೆಯ ತಾಂಡಾದವಳು. ಡಾಕ್ಟರಮ್ಮ ಆಡುತ್ತಿದ್ದುದು ಹಿಂದಿ; ನನಗೆ ಅದು ಬರುತ್ತದೆಂದು ಮಾತು ದಾಟಿಸಲು ಕರೆದಿದ್ದಳು.

ಆದರೆ ಶಬಾನಾ ಕ್ಯಾಮೆರಾದ ಮುಂದೆ ಕೂರಲು ಒಪ್ಪಲಿಲ್ಲ; ಸೀರೆಯ ಮರೆಯ ಹಿಂದೆ ನಿಂತಳು.

"ಡಾಕ್ಟ್ರಮ್ಮನ ಹಿಂದೆ ಯಾರ್ ಕುಂತಾರೋ ನಂಗೆ ಕಾಣ್ತೈತಾ ಅಣ್ಣ?" ಎಂದಳು ನನಗೆ.

ಆ ಅಂಜಿಕೆ ಅವಳೊಬ್ಬಳದಲ್ಲ. ಆ ಹಬ್ಬದ ಹಿಂದಿನ ಬೇಸಗೆಯಲ್ಲಿ ಯಾರೋ ಮೊಬೈಲು ಹಿಡಿದು ಬಂದು ಮನೆ ಮನೆಯ ಮುಂದೆ ಹೆಂಗಸರ ಫೋಟೋ ತೆಗೆದು ಹೆಸರು ಕೇಳಿದ್ದರು. ಆಮೇಲೆ ಬಂದದ್ದು ಜೆಸಿಬಿ. ನಾಲೆಯ ಪಕ್ಕದ ಮನೆಗಳ ಸಾಲು ಈಗಿಲ್ಲ. ಅಂದಿನಿಂದ ಕ್ಯಾಮೆರಾ ಎಂದರೆ ನಮ್ಮ ಗಲ್ಲಿ ಬಾಗಿಲು ಹಾಕಿಕೊಳ್ಳುತ್ತದೆ.

"ನಾನೇ ಕುಂದಿರ್ತೀನಿ ಬಿಡು. ನಿಂಗೆ ಆಗೋದೆಲ್ಲ ನಂಗೆ ಗೊತ್ತೈತಲ್ಲ," ಎಂದಳು ಇಮಾಂಬಿ.

ಸೇವಂತಿಬಾಯಿ ನನ್ನ ಮುಖ ನೋಡಿದಳು. "ಕುಂದಿರ್ಲಿ ಬಿಡ್ರಿ ತಿಪ್ಪೇಶಣ್ಣ. ಇಲ್ಲಿಗಂಟ ಬಂದಿದ್ದೇ ದೊಡ್ದು."

ಓದುವವರಿಗೆ ಇದು ಮೋಸವೆನಿಸಬಹುದು. ನಮ್ಮ ಯಾರಿಗೂ ಹಾಗೆನಿಸಲಿಲ್ಲ. ಜಗಳೂರಿನ ದವಾಖಾನೆಯನ್ನು ನೆನೆಸಿಕೊಳ್ಳಿ. ಸ್ಟೂಲಿನ ಮೇಲೆ ಕೂತು ರೋಗ ಹೇಳುವವಳು ಅತ್ತೆ, ಇಲ್ಲವೇ ನಾದಿನಿ. ರೋಗವಿರುವ ಸೊಸೆ ಹಿಂದೆ ಸೆರಗು ಕಚ್ಚಿ ನಿಂತಿರುತ್ತಾಳೆ. ಡಾಕ್ಟರು ಅತ್ತೆಯ ಮಾತು ಕೇಳುತ್ತಲೇ ಸೊಸೆಯ ಕಣ್ಣೆವೆ ಎಳೆದು ನೋಡುತ್ತಾರೆ, ಮಣಿಕಟ್ಟು ಹಿಡಿಯುತ್ತಾರೆ. ಹೇಳುವ ಬಾಯಿ ಒಂದು, ನೋಡುವ ಮೈ ಇನ್ನೊಂದು. ಅಲ್ಲಿ ಅದು ನಡೆಯುತ್ತದೆ. ಇಲ್ಲಿ ಸ್ಕ್ರೀನಿಗೆ ಕಾಣುವುದು ಸ್ಟೂಲು ಮಾತ್ರ. ಅಷ್ಟನ್ನು ನಾವು ಯಾರೂ ಯೋಚಿಸಲಿಲ್ಲ. ಬಿಪಿ ನೋಡುವ ಮಿಷನ್ನು ಬೇರೆ ಆ ದಿನ ಇನ್ನೊಂದು ವಸ್ತಿಗೆ ಹೋಗಿತ್ತು.

"ಮುಖ ಹತ್ತಿರ ತನ್ನಿ," ಎಂದರು ಡಾಕ್ಟರಮ್ಮ. ಇಮಾಂಬಿ ಎಷ್ಟು ಬಾಗಿದಳೆಂದರೆ ಸ್ಕ್ರೀನಿನ ಮೂಲೆಯ ಚಿಕ್ಕ ಚೌಕದಲ್ಲಿ ಮೂಗಷ್ಟೇ ಉಳಿಯಿತು. ಸರದಿಗೆಂದು ಹೊರಗಿನ ಕಟ್ಟೆಯಲ್ಲಿ ಕೂತಿದ್ದ ಹೊನ್ನಾಳಿಯ ರಾಜಾಸಾಬರು ಇಣುಕಿದರು.

"ಏ ಇಮಾಂಬಿ, ಹಂಗೆ ಮೂಗು ತುರುಕಿದ್ರೆ ಡಾಕ್ಟ್ರಮ್ಮಂಗೇ ನೆಗಡಿ ಹತ್ತೈತೆ!"

"ಸುಮ್ಕಿರ್ರಿ ಮಾಮಾ. ನಿಮ್ ಸರದಿ ಬರ್ಲಿ, ಆ ಬೊಚ್ಚು ಬಾಯಿ ತೋರ್ಸಾಕೆ ಹೇಳ್ತೀನಿ."

ಎಲ್ಲರೂ ನಕ್ಕೆವು. ಮರೆಯ ಹಿಂದೆಯೂ ಒಂದು ಸಣ್ಣ ನಗು ಕೇಳಿಸಿತು.

ಆಮೇಲೆ ಆ ಕಾಲು. ಇಮಾಂಬಿಯದು ಹಿಮ್ಮಡಿ ಒಡೆದ, ಒಣಕಲು ಕಾಲು. ಬಾವು ಇಲ್ಲ ಎಂದರು ಡಾಕ್ಟರಮ್ಮ. ವಿಶ್ರಾಂತಿ ತೆಗೆದುಕೊಳ್ಳಿ, ನೀರು ಹೆಚ್ಚು ಕುಡಿಯಿರಿ, ಬರುವ ವಾರ ಬನ್ನಿ. ನಾನು ಅದನ್ನು ಕನ್ನಡದಲ್ಲಿ ಹೇಳುತ್ತ ಮರೆಯ ಕಡೆ ತಿರುಗಿದೆ. ಸೀರೆಯ ಅಂಚು ನೆಲ ಮುಟ್ಟುತ್ತಿರಲಿಲ್ಲ. ಕೆಳಗೆ ಶಬಾನಾಳ ಪಾದಗಳು ಕಂಡವು. ಅವಳು ಹಾಕಿಕೊಂಡಿದ್ದುದು ದಾದಾಪೀರನ ಚಪ್ಪಲಿ. ಆ ಗಂಡಸಿನ ಚಪ್ಪಲಿಯ ಪಟ್ಟಿಯೂ ಅವಳ ಮಾಂಸದೊಳಗೆ ಹೂತಿತ್ತು.

"ಇಮಾಂಬಕ್ಕ, ಅವಳ ಕಾಲು ತೋರಿಸ್ರಿ," ಎಂದೆ.

ಅವಳು ಧಡಕ್ಕನೆ ತಿರುಗಿದಳು. "ಹೆಣ್ಮಕ್ಕಳ ಕಾಲು ನೋಡಾಕೆ ನಿಂತಿದ್ಯೇನೋ ತಿಪ್ಪೇಶಿ? ತಮ್ಮ ಅಂತ ಒಳಕ್ಕೆ ಬಿಟ್ಟಿದ್ಕೆ ಹಿಂಗಾ?"

ಡಾಕ್ಟರಮ್ಮ ಏನಾಯಿತೆಂದು ಕೇಳಿದರು. ರೋಗಿ ಇವರಲ್ಲ, ಮರೆಯ ಹಿಂದಿದ್ದಾಳೆ, ಕಾಲು ತುಂಬ ಊದಿದೆ ಎಂದೆ. ಅವರು ಕಿವಿಗೆ ಹಾಕಿದ್ದನ್ನು ಸರಿಪಡಿಸಿಕೊಂಡರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. "ಅವರು ಮುಂದೆ ಬರುವುದು ಬೇಡ. ಕ್ಯಾಮೆರಾವನ್ನು ಗೋಡೆಗೆ ತಿರುಗಿಸಿ. ಅಕ್ಕ ಒಳಗೆ ಹೋಗಿ ಅವರ ಕಣಕಾಲಿನ ಮೇಲೆ ಹೆಬ್ಬೆರಳಿಂದ ಒತ್ತಲಿ," ಎಂದರು.

ಸೇವಂತಿಬಾಯಿ ತಿರುಗಿಸಿದಳು. ಈಗ ಡಾಕ್ಟರಮ್ಮನಿಗೆ ಕಾಣುತ್ತಿದ್ದುದು ಸುಣ್ಣ ಕಿತ್ತ ಗೋಡೆ. ಇಮಾಂಬಿ ಗೊಣಗುತ್ತ ಮರೆಯ ಹಿಂದೆ ಹೋದಳು.

"ಒತ್ತಿದೆ. ಕುಣಿ ಬಿತ್ತು."

"ಆ ತಗ್ಗು ತುಂಬಿತೇ?" ಎಂದರು ಡಾಕ್ಟರಮ್ಮ.

ಮತ್ತೆ ಇಮಾಂಬಿಯ ಧ್ವನಿ, ಮೊದಲಿನ ಧ್ವನಿಯಲ್ಲ: "ಇಲ್ಲ ತಿಪ್ಪೇಶಿ. ಇನ್ನೂ ಹಂಗೇ ಐತೆ."

ಆಗ ಶಬಾನಾ ಮಾತಾಡಿದಳು. ಅಷ್ಟು ಹೊತ್ತಿನಲ್ಲಿ ತನ್ನ ರೋಗದ ಬಗ್ಗೆ ಅವಳೇ ಆಡಿದ ಮೊದಲ ಮಾತು. "ಅಣ್ಣ, ಬೆಳಗಿಂದ ಎಲ್ಲ ಎರಡೆರಡು ಕಾಣ್ತೈತೆ. ಎದೆ ಕೆಳಗೆ ಹಿಡ್ಕಂಡೈತೆ. ಅವ್ರಿಗೆ ಹೇಳ್ರಿ."

ಇಮಾಂಬಿಗೆ ಇದು ಗೊತ್ತಿರಲಿಲ್ಲ. ಅವಳಿಗೆ ಎಲ್ಲ ಗೊತ್ತಿದೆಯೆಂದು ನಾವು ನಂಬಿದ್ದೆವು. ನಾನು ಹಿಂದಿಯಲ್ಲಿ ಹೇಳಿ ಮುಗಿಸುವ ಮೊದಲೇ ಡಾಕ್ಟರಮ್ಮ, "ಬಿಪಿ ತೀರ ಏರಿರಬೇಕು, ಈಗಲೇ ಆಸ್ಪತ್ರೆಗೆ, ಈ ಕ್ಷಣ, ನಾನು ಅಲ್ಲಿಗೆ ಫೋನು ಮಾಡುತ್ತೇನೆ," ಎಂದರು. ಮರಾಠಿಯಲ್ಲಿ "ಘಾಬರೂ ನಕಾ" ಎಂದೂ ಸೇರಿಸಿದರು, ಹೆದರಬೇಡಿ ಎಂದು. ಹೇಳಿದವರ ಧ್ವನಿಯೇ ಹೆದರಿತ್ತು.

ಆಟೋದಲ್ಲಿ, ರೈಲ್ವೆ ಗೇಟಿನ ಹತ್ತಿರ ಶಬಾನಾಳ ಮೈ ಸೆಟೆದುಕೊಂಡಿತು. ಇಮಾಂಬಿ ಅವಳ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದಿದ್ದಳು. ನಾನು ಮುಂದಿನ ಸೀಟಿನಲ್ಲಿ ಡ್ರೈವರನ ಪಕ್ಕ ಅರ್ಧ ಹೊರಗೆ ನೇತಾಡುತ್ತಿದ್ದೆ. ಆಸ್ಪತ್ರೆಯ ಬಾಗಿಲಿನಾಚೆ ಆದದ್ದನ್ನು ನಾನು ಕಾಣಲಿಲ್ಲ. ಮಗು ಉಳಿಯಲಿಲ್ಲವೆಂದು ಸಂಜೆ, ಕೆಲಸ ಬಿಟ್ಟು ಓಡಿಬಂದಿದ್ದ ದಾದಾಪೀರ್ ಹೊರಬಂದು ಹೇಳಿದ. ಮತ್ತೆ ಒಳಗೆ ಹೋದ.

ಗಲ್ಲಿಯಲ್ಲಿ ಇದನ್ನು ಎರಡು ಥರ ಹೇಳುತ್ತಾರೆ. ಕಣ್ಣಿಲ್ಲದ ಡಾಕ್ಟರನ್ನು ನಂಬಿ ಹೊತ್ತು ಹೋಯಿತು ಎಂದು ಕೆಲವರು. ಗೋಡೆ ನೋಡಿಕೊಂಡೇ ಗುರುತು ಹಿಡಿದರಲ್ಲ ಎಂದು ಕೆಲವರು. ಮೊದಲು ಒಳಗೇ ಕಾಲಿಡದ ಹೆಂಗಸರು ಈಗ ಬಂದು, "ತಿರುಗಿಸ್ರಿ, ಆಮೇಲೆ ಹೇಳ್ತೀವಿ," ಎನ್ನುತ್ತಾರೆ. ತಾವೇ ಹೇಳುತ್ತಾರೆ. ಅಲ್ಲಿಗೆ ಇನ್ನೂ ಬಾರದವರ ಮನೆಗಳೂ ಇವೆ, ನನ್ನ ಹೆಂಡತಿಯೂ ಹೋಗುವುದಿಲ್ಲ. ನಾನೇನೂ ಒತ್ತಾಯಿಸಿಲ್ಲ.

ಈ ಯುಗಾದಿಗೆ ಊರಿಗೆ ಹೋದಾಗ ಅವ್ವನನ್ನು ಜಗಳೂರಿಗೆ ಕರೆದೊಯ್ದೆ. ಡಾಕ್ಟರು ಅವಳ ಕೈ ಹಿಡಿದು ನೋಡಿದರು. ನನಗೆ ಕಣ್ಣು ತುಂಬಿತು. ಆದರೆ ಅವಳ ನೋವನ್ನು ನನ್ನ ತಂಗಿ ಹೇಳಲು ಶುರು ಮಾಡಿದಾಗ ಕೂರಲಾಗಲಿಲ್ಲ. "ಅವ್ವ, ನೀನೇ ಹೇಳು," ಎಂದೆ, ಜೋರಾಗಿ. ಎಲ್ಲರೂ ತಿರುಗಿ ನೋಡಿದರು. "ಪುಣೆಗೋಗಿ ದೊಡ್ ಮನುಷ್ಯ ಆಗ್ಯಾನೆ," ಎಂದಳು ತಂಗಿ. ಅಲ್ಲಿದ್ದಾಗ ಇಲ್ಲಿಯವನಾಗಿ, ಇಲ್ಲಿದ್ದಾಗ ಅಲ್ಲಿಯವನಾಗಿ ಮಾತಾಡುತ್ತಿದ್ದೇನೆ. ಎರಡು ಕಡೆಯೂ ಅದು ಯಾರಿಗೂ ಹಿಡಿಸುತ್ತಿಲ್ಲ.

ನನ್ನ ಮಾತು ಸಾಲದೆನಿಸಿದವರು ಉಳಿದವರನ್ನು ಕೇಳಬಹುದು. ಹೊನ್ನಾಳಿಯ ರಾಜಾಸಾಬರು ಚಳಿಗಾಲದಲ್ಲಿ ತೀರಿಕೊಂಡರು, ಮಣ್ಣಾದದ್ದು ಇಲ್ಲಿಯೇ. ಸೇವಂತಿಬಾಯಿ ಅದೇ ಖೋಲಿಯಲ್ಲಿದ್ದಾಳೆ. ಡಾಕ್ಟರಮ್ಮ ಎಲ್ಲಿಯವರೋ ನನಗೆ ತಿಳಿಯದು. ವಾರಕ್ಕೊಮ್ಮೆ ಈಗಲೂ ಬರುತ್ತಾರೆ. ಇಮಾಂಬಿ ಜಗಳೂರಿಗೆ ಮರಳಿದ್ದಾಳೆ; ಇದರ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಾಳೆ. ಮತ್ತೆ ಶಬಾನಾ. ಚನ್ನಗಿರಿಯ ತವರಿನಲ್ಲಿದ್ದಾಳೆ, ಪುಣೆಗೆ ಬರುವುದೋ ಬೇಡವೋ ಇನ್ನೂ ಹೇಳಿಲ್ಲ. ಬದುಕಿದ್ದಾಳೆ. ಅವಳನ್ನೇ ಕೇಳಿ.