ನಾಲ್ಕರ ಮೇಲೆ ಹೋಗದ ಮುಳ್ಳು

ನನ್ನ ಬೈಕಿನ ಆರ್‌ಪಿಎಂ ಮೀಟರು ಸುಳ್ಳು ಹೇಳುತ್ತದೆ ಎಂಬುದು ಎರಡು ವರ್ಷ ನನಗೊಬ್ಬನಿಗೇ ಗೊತ್ತಿತ್ತು. ಎಂಜಿನ್ನು ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ತಿರುಗಿದರೆ ಮುಳ್ಳು ಎರಡರಲ್ಲೇ ನಿಲ್ಲುತ್ತಿತ್ತು. ಹಳೆಯ ಗಾಡಿಯ ಹ್ಯಾಂಡಲ್, ಸೀಟು, ಸೈಲೆನ್ಸರ್ ಕಿತ್ತು ಬೇರೆ ಹಾಕಿಸಿದವನು ನಾನೇ. ಪುಣೆಯ ನಾನಾ ಪೇಟೆಯಿಂದ ಈ ದುಂಡನೆಯ ಮೀಟರು ತಂದು ಕೂರಿಸಿದವನೂ ನಾನೇ. ವೈರು ಬದಲಿಸಿದೆ, ಅರ್ಥಿಂಗ್ ಬದಲಿಸಿದೆ, ಅಂಗಡಿಯವನ ಜೊತೆ ಮರಾಠಿಯಲ್ಲಿ ಜಗಳಾಡಿ ಮೀಟರನ್ನೇ ಬದಲಿಸಿದೆ. ಹೊಸದೂ ಅರ್ಧವೇ ತೋರಿಸಿತು. ಕೊನೆಗೆ ಬೇಸತ್ತು, ಕಂಡದ್ದನ್ನು ಎರಡರಿಂದ ಗುಣಿಸಿಕೊಳ್ಳುವುದನ್ನೇ ರೂಢಿ ಮಾಡಿಕೊಂಡೆ. ನಿಜ ಹೇಳಬೇಕೆಂದರೆ, ಈ ಗಾಡಿಯ ಗುಟ್ಟು ನನಗೊಬ್ಬನಿಗೇ ತಿಳಿದಿದೆ ಎಂಬ ಜಂಬವೂ ಸ್ವಲ್ಪ ಇತ್ತು.

ಹೆಂಡತಿಯ ತಮ್ಮ ಖರಾಡಿಯ ಆಫೀಸಿಗೆ ಗೇರಿಲ್ಲದ ಸ್ಕೂಟರಿನಲ್ಲಿ ಹೋಗಿಬರುವವನು. ಒಂದು ಭಾನುವಾರ ಗೆಳೆಯರ ಜೊತೆ ಸಾಸವಡಕ್ಕೆ ಹೋಗಲು ನನ್ನ ಗಾಡಿ ಕೇಳಿದ. ಆಗಷ್ಟೇ ಹೊಸ ಪಿಸ್ಟನ್ ಹಾಕಿಸಿದ್ದೆ; ಶುರುವಿನಲ್ಲಿ ಅದನ್ನು ಹೆಚ್ಚು ದಣಿಸುವಂತಿಲ್ಲ. ಕೀಲಿ ಕೊಡುತ್ತಾ, "ನಾಕರ ಮ್ಯಾಲ ಹೋಗಬ್ಯಾಡ ನೋಡು" ಎಂದೆ. ನನ್ನ ತಲೆಯಲ್ಲಿದ್ದದ್ದು ನಿಜವಾದ ನಾಲ್ಕು. ಅವನ ಕಣ್ಣೆದುರು ಇದ್ದದ್ದು ಮೀಟರಿನ ನಾಲ್ಕು, ಅಂದರೆ ಎಂಟು ಸಾವಿರ. ಅದನ್ನು ಹೇಳಲು ಮರೆತೆ. ಅಷ್ಟು ದಿನದ ರೂಢಿಯಲ್ಲಿ ಆ ಮೀಟರು ತಪ್ಪು ಎಂಬುದೇ ನನಗೆ ಮರೆತುಹೋಗಿತ್ತು.

ದಿವೇ ಘಾಟಿನ ಏರಿನಲ್ಲಿ ಎಂಜಿನ್ನು ಜಾಮಾಯಿತು. ಹಿಂದಿನ ಚಕ್ರ ತಿರುಗದೆ ಕಚ್ಚಿಕೊಂಡಿತು, ಅವನು ರಸ್ತೆಗೆ ಬಿದ್ದ. ಹಿಂದೆ ಬರುತ್ತಿದ್ದ ಟೆಂಪೊ ಮಾರುದೂರದಲ್ಲಿ ನಿಂತಿತು. ಎಡಗಡೆಯ ಹೆಗಲ ಮೂಳೆ ಮುರಿದಿತ್ತು, ಮೊಣಕೈಗೆ ಹೊಲಿಗೆ ಬಿದ್ದವು.

ಮಾವನವರು ಇಲ್ಲೇ ಬಟ್ಟೆ ವ್ಯಾಪಾರಿ, ಮೂಲ ವಿಜಯಪುರದ ಕಡೆಯವರು. ಮಗ ಬಿದ್ದದ್ದಕ್ಕೆ ಅವರು ಬೈಯಲಿಲ್ಲ. ಆದರೆ ಖಡಕಿಯ ಗ್ಯಾರೇಜಿನಲ್ಲಿ ಎಂಜಿನ್ನು ಬಿಚ್ಚುವಾಗ ನಮ್ಮಿಬ್ಬರ ಜೊತೆ ಅವರೂ ಬಂದು ನಿಂತಿದ್ದರು. ಮೆಕ್ಯಾನಿಕ್ಕು ಗೀರುಬಿದ್ದ ಪಿಸ್ಟನ್ ಎತ್ತಿ ತೋರಿಸಿ, "ಲಯ್ ಪಳವಲೀ, ಕಾಕಾ" ಎಂದ. ಸಿಕ್ಕಾಪಟ್ಟೆ ಓಡಿಸಿದ್ದಾರೆ ಎಂದರ್ಥ.

"ಅಪ್ಪಾ, ಆಣಿ ಮಾಡಿ ಹೇಳ್ತೀನಿ, ಮುಳ್ಳು ನಾಕು ದಾಟಿಲ್ಲ" ಎಂದ ಹುಡುಗ.

"ಬಿದ್ದದ್ದು ಬಿದ್ದಿ, ಮೂಳಿ ಕೂಡ್ತದ. ಆದ್ರ ಕಣ್ಣಮುಂದ ಇಷ್ಟ ಕಾಣಸ್ತಿದ್ರೂ ಸುಳ್ಳ ಹೇಳ್ತಿಯಲ್ಲಾ!" ಎಂದರು ಮಾವ. ಅಂದಿನಿಂದ ಅವನ ಜೊತೆ ಮಾತು ಬಿಟ್ಟರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಅಷ್ಟು ಪ್ರಾಮಾಣಿಕತೆಯೂ ಇರಲಿಲ್ಲ. ಗೋಡೆಗೆ ತೂಗುಹಾಕಿದ್ದ ಸ್ಪ್ಯಾನರುಗಳನ್ನು ನೋಡುತ್ತಾ ನಿಂತೆ. ಮಾವನ ಮನೆಯಲ್ಲಿ ನನ್ನ ತಾಟಿಗೆ ಬೀಳುವುದು ಯಾವಾಗಲೂ ಹಂಚಿನಿಂದ ಇಳಿದ ಬಿಸಿ ರೊಟ್ಟಿಯೇ. ಆ ಮರ್ಯಾದೆ ಹೋದೀತೆಂದು ಹೆದರಿದೆ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುವುದಿಲ್ಲ.

ಎರಡು ದಿನ ಬಿಟ್ಟು ಹುಡುಗ ನನ್ನೊಬ್ಬನನ್ನೇ ಕರೆದು ಹೇಳಿದ: "ಭಾವಾ, ಗಾಡಿ ದುರಸ್ತಿ ಆದ ಮ್ಯಾಲ ಅಪ್ಪನ ಮುಂದ ಒಮ್ಮೆ ಚಾಲೂ ಮಾಡಿ ತೋರಸ್ರಿ. ಅವತ್ತ ಎಂಥಾ ಸಪ್ಪಳ ಇತ್ತು ನನಗ ನೆನಪದ. ಅಷ್ಟ ಸಪ್ಪಳಕ್ಕ ಮುಳ್ಳು ಎಲ್ಲಿ ನಿಲ್ತದ ಅಂತ ಅವ್ರ ನೋಡ್ಲಿ."

"ಹೂಂ" ಎಂದೆ.

ಗಾಡಿ ಮನೆಗೆ ಬಂದ ಮಧ್ಯಾಹ್ನವೇ ಮೀಟರು ಬಿಚ್ಚಿದೆ. ಅದರ ಬೆನ್ನಿಗೆ ಒಂದು ಚಿಕ್ಕ ರಬ್ಬರ್ ಮುಚ್ಚಳವಿತ್ತು. ಒಳಗೆ ಬರೀ ಸ್ಕ್ರೂ ಇದೆಯೆಂದುಕೊಂಡು ಎರಡು ವರ್ಷ ಅದನ್ನು ಎಬ್ಬಿಸಿಯೇ ಇರಲಿಲ್ಲ. ಎಬ್ಬಿಸಿದರೆ ಒಂದು, ಎರಡು, ನಾಲ್ಕು ಎಂದು ಬರೆದ ಪುಟ್ಟ ಸ್ವಿಚ್ಚು. ಎಂಜಿನ್ನಿನ ಒಂದೊಂದು ಸುತ್ತಿನಲ್ಲಿ ಎಷ್ಟು ಕಿಡಿ ಹಾರುತ್ತದೆ ಎಂದು ಮೀಟರಿಗೆ ತಿಳಿಸುವುದು ಅದು. ನನ್ನ ಎಂಜಿನ್ನಿಗೆ ಬೇಕಾದದ್ದು ಒಂದು, ಅದು ಇದ್ದದ್ದು ಎರಡರಲ್ಲಿ. ಹೆಂಡತಿಯ ಪಿನ್ನಿನಿಂದ ಸರಿಸಿದೆ. ಗಾಡಿ ಚಾಲೂ ಮಾಡಿ ಸುಮ್ಮನೆ ಬಿಟ್ಟರೆ, ಏಳುನೂರರಲ್ಲಿ ನಿಲ್ಲುತ್ತಿದ್ದ ಮುಳ್ಳು ಸಾವಿರದ ನಾನ್ನೂರಕ್ಕೆ ಏರಿ ನಿಂತಿತು.

ಇನ್ನು ಯಾರೂ ಬೀಳದಿರಲಿ ಎಂದು ಸರಿಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಅವನಿಗಿದ್ದ ಒಂದೇ ಸಾಕ್ಷಿಯನ್ನು ಅಳಿಸುತ್ತಿದ್ದೇನೆ ಎಂದು ಪಿನ್ನು ಹಿಡಿದಾಗಲೇ ಗೊತ್ತಿತ್ತು.

ಭಾನುವಾರ ಮಾವ, ಮಗ ಇಬ್ಬರೂ ಬಂದರು. ಹುಡುಗ ಎಡಗೈಯನ್ನು ಕೊರಳಿಗೆ ಕಟ್ಟಿಕೊಂಡು, ಬಲಗೈಯಿಂದ ಎಕ್ಸಿಲರೇಟರ್ ತಿರುವುತ್ತಾ ಹೋದ. ಗಾಡಿ ಅರಚತೊಡಗಿತು. ಮುಳ್ಳು ನಾಲ್ಕು ದಾಟಿತು, ಆರು ದಾಟಿತು, ಎಂಟಕ್ಕೆ ಮುಟ್ಟಿತು. ಅವತ್ತಿನ ಸಪ್ಪಳ ಬಂತೆನ್ನುವಂತೆ ಅವನು ಕೈಬಿಟ್ಟ. ಮಾವ ಮನೆಯೊಳಗೆ ಹೋದರು.

ಅವನು ಮೀಟರಿಗೆ ಮುಖ ಹತ್ತಿರ ತಂದು ನೋಡಿದ. "ಭಾವಾ, ನಾಕರಾಗ ಇತ್ರಿ. ನಾ ನೋಡೀನಿ. ಇದು ತಪ್ಪ ತೋರಸೂದಿಲ್ಲಲ್ಲ?"

"ಇಲ್ಲ, ಸರಿ ಅದ" ಎಂದೆ. ಆ ಗಳಿಗೆಗೆ ಅದು ಸುಳ್ಳಲ್ಲ. ಅದಕ್ಕೇ ನೆನೆಸಿಕೊಂಡಾಗಲೆಲ್ಲ ಹೆಚ್ಚು ಹೇಸಿಗೆಯಾಗುತ್ತದೆ.

ಅವನೂ ಒಳಗೆ ಹೋದ. "ತಪ್ಪಾತು ಅಪ್ಪಾ, ನಾನ ತಪ್ಪ ನೋಡೀನಿ" ಎನ್ನುವುದು ಹೊರಗೆ ಕೇಳಿಸಿತು. ಮಾವ ಅದನ್ನು ತಪ್ಪೊಪ್ಪಿಗೆ ಎಂದೇ ತಿಳಿದು ಮಗನ ಜೊತೆ ಮಾತಾಡಿದರು. ನಾನು ಹೊರಗೇ ನಿಂತಿದ್ದೆ. ಆಗ ನನಗೆ ಸಮಾಧಾನವೇ ಆಗಿತ್ತು, ನಾಚಿಕೆ ಬಂದದ್ದು ಆಮೇಲೆ.

ಹೋದ ವಾರ ಅವನ ಸ್ಕೂಟರಿನಲ್ಲಿ ಹಿಂದೆ ಕೂತು ಹಡಪಸರಕ್ಕೆ ಹೊರಟಿದ್ದೆ. ನಡುದಾರಿಯಲ್ಲಿ, "ಭಾವಾ, ಎಷ್ಟರಾಗ ಹೊಂಟೀನಿ, ಒಂದೀಟು ನೋಡಿ ಹೇಳ್ರಿ" ಎಂದ.

"ಯಾಕ, ನಿನಗ ಕಾಣಸೂದಿಲ್ಲೇನು?"

"ಕಾಣಸ್ತದರಿ. ಆದ್ರ ಅವತ್ತಿನಿಂದ ನನ್ನ ಕಣ್ಣಿನ ಮ್ಯಾಲ ನನಗ ನಂಬಿಗಿ ಇಲ್ಲ."

ಅವನ ಹೆಗಲ ಮೇಲಿಂದ ಬಗ್ಗಿ ನೋಡಿದೆ. ನಲವತ್ತು ಇತ್ತು. ನಲವತ್ತು ಎಂದೆ. ಅವನು ನಂಬಿದ.