ಸೊನ್ನೆ ಒತ್ತುವವಳು

ಟೈಲರಮ್ಮನ ಮನೆಯ ವ್ಯಾನಿಗೆ ಪೆಟ್ರೋಲಿನ ಮುಳ್ಳು ಇತ್ತು, ಆದರೆ ಅದರ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಟ್ಯಾಂಕು ತುಂಬಿದ್ದರೂ ಅರ್ಧ, ಬರಿದಾದರೂ ಅರ್ಧ. ಅವಳ ಗಂಡ, ಲಿಫ್ಟ್ ರಿಪೇರಿ ಮಾಡುತ್ತಿದ್ದವನು, ಅದನ್ನು ಬಿಚ್ಚಿ ನೋಡಿದ್ದ, ಬಯ್ದಿದ್ದ, ಕೊನೆಗೆ ಕೈಮುಗಿದು ಬಿಟ್ಟಿದ್ದ. "ಇದು ನಮ್ಮ ಸೂಪರ್‌ವೈಸರ್ ಇದ್ದ ಹಾಗೆ ಕಣೇ. ಏನು ಕೇಳಿದ್ರೂ ಅರ್ಧ ಆಗಿದೆ ಅಂತಾನೆ."

ಹಾಗಾಗಿ ಅವರು ಕಿಲೋಮೀಟರಿನ ಲೆಕ್ಕ ಹಿಡಿದರು. ದೊಡ್ಡ ಮೀಟರಿನ ಕೆಳಗೆ ಮೂರು ಅಂಕಿಯ ಪುಟ್ಟ ಕಿಟಕಿಯೊಂದಿತ್ತು, ಪಕ್ಕದಲ್ಲಿ ಕಪ್ಪು ಗುಂಡಿ. ಒತ್ತಿದರೆ ಮೂರೂ ಅಂಕಿ ಉರುಳಿ ಸೊನ್ನೆಗೆ ಬರುತ್ತಿದ್ದವು. ನಲವತ್ತು ಲೀಟರಿನ ಟ್ಯಾಂಕು, ಲೀಟರಿಗೆ ಎಂಟು ಕಿಲೋಮೀಟರು, ಏರು ಸಿಕ್ಕರೆ ಆರೂವರೆ. ಲೆಕ್ಕಕ್ಕೆ ಮುನ್ನೂರರ ಮೇಲೆ ಓಡಬೇಕು. ಅವನು ಮಾತ್ರ ಇನ್ನೂರೈವತ್ತು ದಾಟಲು ಬಿಡುತ್ತಿರಲಿಲ್ಲ. "ಉಳಿದದ್ದು ದೇವರಿಗೆ," ಎನ್ನುತ್ತಿದ್ದ. ಬಂಕಿನಲ್ಲಿ ಅವನು ಹೊರಗೆ ನಿಂತು ತುಂಬಿಸುವನು, ಅವಳು ಒಳಗೆ ಕೂತಿರುವಳು. ತುಂಬಿ ತುಳುಕುವ ಹೊತ್ತಿಗೆ ಹೊರಗಿನಿಂದ ಕೂಗು ಬರುತ್ತಿತ್ತು: "ಸೊನ್ನೆ!" ಅವಳು ಕೈಚಾಚಿ ಗುಂಡಿ ಒತ್ತಿ, "ಆಯ್ತು!" ಎನ್ನುತ್ತಿದ್ದಳು. ಗಾಡಿಯ ವಿಷಯದಲ್ಲಿ ಅವಳಿಗಿದ್ದ ಕೆಲಸ ಅದೊಂದೇ. ಮಗಳು ಚಿಕ್ಕವಳಿದ್ದಾಗ ತೊಡೆಯ ಮೇಲೆ ಕೂತು ತಾನೇ ಒತ್ತುವೆನೆಂದು ಹಟ ಹಿಡಿಯುವಳು. ಅಪ್ಪ ಕಿಟಕಿಯಿಂದ ತಲೆ ತೂರಿಸಿ ಪಾಠ ಹೇಳುವನು: "ನೆನಪಿರಲಿ ಚಿನ್ನಿ, ತುಂಬಿಸಿದ ಮೇಲೆ ಸೊನ್ನೆ ಮಾಡಲಿಲ್ಲ ಅಂದ್ರೆ ನಡುದಾರೀಲಿ ನಿಲ್ತೀವಿ."

ಅವರಿಬ್ಬರಿಗೆ ಗಂಟು ಬಿದ್ದದ್ದೂ ಹೀಗೇ ನಡುವೆ ನಿಂತ ಒಂದು ಲಿಫ್ಟಿನಿಂದಲೇ. ಆಗ ಅವಳು ಚಿಕ್ಕಮ್ಮನ ಹತ್ತಿರ ಹೊಲಿಗೆ ಕಲಿಯುತ್ತಿದ್ದಳು. ಯಾವುದೋ ಕಚೇರಿಗೆ ಕಾವಲುಗಾರರ ಪ್ಯಾಂಟುಗಳ ಗಂಟು ಹೊತ್ತು ಹೋದಾಗ ಲಿಫ್ಟು ಕೆಟ್ಟು ನಿಂತಿತು. ಅಳು ಬರುವಷ್ಟರಲ್ಲಿ ಮೇಲಿನಿಂದ ಒಂದು ದನಿ: "ಹೆದರಬೇಡಿ ಮೇಡಂ, ನೀವಿರೋದು ಎರಡಕ್ಕೂ ಮೂರಕ್ಕೂ ನಡುವೆ. ಎಲ್ಲೂ ಹೋಗಲ್ಲ." ಅವಳು ಕೆಳಗಿನಿಂದಲೇ ಉತ್ತರ ಕೊಟ್ಟಳು: "ಎಲ್ಲೂ ಹೋಗ್ತಿಲ್ಲ ಅನ್ನೋದೇ ಕಷ್ಟ ಕಣ್ರೀ!" ಬಾಗಿಲು ತೆರೆಯುವವರೆಗೂ ಮಾತು ನಿಲ್ಲಲಿಲ್ಲ. ತೆರೆದ ಮೇಲೂ ನಿಲ್ಲಲಿಲ್ಲ.

ವ್ಯಾನು ಬಂದದ್ದು ಬಹಳ ವರ್ಷಗಳ ಮೇಲೆ. ಮುಚ್ಚಿಹೋದ ಬೇಕರಿಯೊಂದರ ಬ್ರೆಡ್ ವ್ಯಾನು ಅದು. ಅವನು ರಜೆಯ ದಿನಗಳಲ್ಲೆಲ್ಲ ಅದರೊಳಗೆ ಹೊಕ್ಕು ಮಂಚ ಬಡಿದ, ಒಲೆ ಕೂರಿಸಿದ, ಕೈತೊಳೆಯಲು ಗುಂಡಗಿನ ತೊಟ್ಟಿ ಇಟ್ಟ. ಅವಳು ನೀಲಿ ಗೆರೆಯ ಬಟ್ಟೆ ತಂದು ಐದು ಕಿಟಕಿಗೆ ಪರದೆ ಹೊಲಿದಳು. ಬಿಸಿಲಿಗೆ ನಿಲ್ಲಿಸಿದರೆ ಆಮೇಲೂ ಒಳಗೆ ಸುಟ್ಟ ಬ್ರೆಡ್ಡಿನ ವಾಸನೆ ಏಳುತ್ತಿತ್ತು. ಬೀದಿಯವರು ಅದಕ್ಕೆ ಬಸವನಹುಳು ಎಂದು ಹೆಸರಿಟ್ಟರು. ಮನೆ ಹೊತ್ತುಕೊಂಡು ಹೋಗುತ್ತದೆ, ಹೋಗುವ ವೇಗವೂ ಅಷ್ಟೇ. ಅವನಿಗೆ ಆ ಹೆಸರು ಹಿಡಿಸಿ, ಹಿಂದಿನ ಬಾಗಿಲ ಮೇಲೆ ಒಂದು ಬಸವನಹುಳುವಿನ ಚಿತ್ರವನ್ನೇ ಬರೆದುಬಿಟ್ಟ.

ಸಾಕುವುದು ಮಾತ್ರ ಸುಲಭವಾಗಿರಲಿಲ್ಲ. ಪೆಟ್ರೋಲು ಕುಡಿದದ್ದು ಸಾಲದೆಂದು ಎಂಜಿನ್ ಆಯಿಲನ್ನೂ ಕುಡಿಯುತ್ತಿತ್ತು. ಅವಳು ನಲವತ್ತು ಪ್ಯಾಂಟಿನ ಅಂಚು ಮಡಚಿ ಹೊಲಿದರೆ, ರಜೆಗೆ ಹೋಗುವ ಕೆರೆಯ ಅರ್ಧ ದಾರಿ ಕಳೆಯಬಹುದು ಎಂಬುದು ಮನೆಯೊಳಗಿನ ಲೆಕ್ಕ. ದುಡ್ಡು ಸಾಲದ ತಿಂಗಳಲ್ಲಿ ಅವನು ಐದೇ ಲೀಟರು ಹಾಕಿಸಿದರೆ, "ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ," ಎಂದು ಅವಳು ನಗುತ್ತಿದ್ದಳು. ಆದರೂ ವರ್ಷಕ್ಕೆರಡು ಸಲ ದೊಡ್ಡ ಕೆರೆಗೆ ಹೋಗುವುದು ತಪ್ಪಲಿಲ್ಲ. ಅಲ್ಲಿಗೆ ಇನ್ನೂರ ನಲವತ್ತು ಕಿಲೋಮೀಟರು. ತುಂಬಿದ ಟ್ಯಾಂಕಿಗೆ ಸರಿಹೊಂದುವ ದೂರ ಎಂದೇ ಆ ಕೆರೆಯನ್ನು ಆರಿಸಿಕೊಂಡರೇನೋ.

ಕೊನೆಯ ಸಲ ಅವರು ಕೆರೆ ಮುಟ್ಟಲಿಲ್ಲ. ಊರಂಚಿನ ಬಂಕಿನಲ್ಲಿ ಎಂದಿನಂತೆ "ಸೊನ್ನೆ", "ಆಯ್ತು" ಆಗಿತ್ತು. ದಾರಿಯಲ್ಲಿ ಅವನು ಇದ್ದಕ್ಕಿದ್ದಂತೆ ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದ. ಇಳಿದು, ಒಂದು ಕಿರುಸೇತುವೆಯ ಕಟ್ಟೆಯ ಮೇಲೆ ಕೂತ. ಕಟ್ಟೆಯ ಮೂಲೆ ಒಡೆದು ಕಬ್ಬಿಣ ಕಾಣುತ್ತಿತ್ತು. "ಸ್ವಲ್ಪ ನೀರು ಕೊಡು," ಎಂದ. ಅವಳು ಲೋಟ ತರುವಷ್ಟರಲ್ಲಿ ವಾಲಿದ್ದ. ಆಸ್ಪತ್ರೆಯ ಗಾಡಿ ಬಂತು, ಅವನನ್ನು ಒಯ್ದಿತು, ಪ್ರಯೋಜನವಾಗಲಿಲ್ಲ. ವ್ಯಾನನ್ನು ಮರುದಿನ ಒಂದು ಲಾರಿಯ ಬೆನ್ನ ಮೇಲೆ ಹೇರಿ ತಂದು ಮನೆ ಪಕ್ಕದ ಬಾಡಿಗೆ ಶೆಡ್ಡಿನಲ್ಲಿ ಇಳಿಸಿದರು. ಚಕ್ರ ಉರುಳಲಿಲ್ಲವಾದ್ದರಿಂದ ಅಂಕಿಯೂ ಉರುಳಲಿಲ್ಲ. ತಿಥಿಯೆಲ್ಲ ಮುಗಿದ ಮೇಲೆ ಅವಳು ಒಳಗೆ ಹೋಗಿ ಕೂತಾಗ ಪುಟ್ಟ ಕಿಟಕಿಯಲ್ಲಿ ಅದು ಹಾಗೇ ಇತ್ತು: ನೂರ ಎಂಬತ್ತೇಳು.

ಅಷ್ಟು ದೂರ ಅವನು ಜೊತೆಗಿದ್ದ.

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಕೇಳುವವರಿಗೆ ಅದೊಂದು ಅಂಕಿ, ಅಷ್ಟೇ. ವ್ಯಾನನ್ನು ಒಂದು ಗೇಣೂ ಕದಲಿಸಲು ಬಿಡಲಿಲ್ಲ. ಪ್ರತಿ ಭಾನುವಾರ ಮಾತ್ರ ಬೀಗದ ಕೈ ತಿರುಗಿಸಿ, ನಿಂತಲ್ಲೇ ಎಂಜಿನ್ ಓಡಿಸುತ್ತಿದ್ದಳು. ಬ್ಯಾಟರಿ ಸಾಯಬಾರದೆಂದು ಅವನೇ ಕಲಿಸಿದ್ದು. ಸೀಟು ನಡುಗುವುದು, ಪರದೆಗಳ ಉಂಗುರ ಕಿಣಿಕಿಣಿ ಅನ್ನುವುದು. ಅವಳು ಕಣ್ಣು ಮುಚ್ಚಿ ಪಕ್ಕದ ಸೀಟಿನಲ್ಲಿ ಕೂತಿರುವಳು. ಹೊಲಿಗೆಗೆ ಬಂದವರು ಬಾಗಿಲು ಬಡಿದು ಬಡಿದು ಹಿಂತಿರುಗುವರು.

ಮಗಳಿಗೆ ಇದು ಬಿಡಿಸಲಾಗದ ಒಗಟು. ಅವಳು ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಹಗಲು ಅಮ್ಮನ ಬಳಿ ಬಿಟ್ಟ ತನ್ನ ಕೂಸನ್ನು ಸಂಜೆ ಒಯ್ಯಲು ಬಂದಾಗಲೆಲ್ಲ ಶೆಡ್ಡಿನ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದಳು.

"ಅಮ್ಮ, ಶೆಡ್ಡಿನ ಬಾಡಿಗೆ, ವಿಮೆ, ತೆರಿಗೆ. ಈಗ ಟೈರ್ ಬೇರೆ ಬಿರುಕು ಬಿಟ್ಟಿದೆ. ನಿಂತು ತಿನ್ನೋ ಗಾಡಿಗೆ ಕುಡಿಕೆ ಹೊನ್ನೂ ಸಾಲಲ್ಲ."

"ನನ್ನ ಕೈ ಓಡೋ ತನಕ ತಿನ್ಲಿ ಬಿಡು."

"ನಿನ್ನ ಕಣ್ಣಿಗೆ ಸೂಜಿ ದಾರ ಕಾಣ್ತಿಲ್ಲ, ಪೋಣಿಸೋಕೆ ನನ್ನನ್ನ ಕಾಯ್ತೀಯ. ಇನ್ನು ಕೈ ಓಡುತ್ತಂತೆ!"

ಅಮ್ಮ ನಕ್ಕಳು. ಮಗಳು ನಗಲಿಲ್ಲ. ಕನ್ನಡಕದ ಅಂಗಡಿಯ ಹುಡುಗನೊಬ್ಬ ಇಂಥದೇ ಗಾಡಿ ಹುಡುಕುತ್ತಿದ್ದಾನೆ, ಮೊನ್ನೆ ಮದುವೆಯಾಗಿದೆ, ಸುಮ್ಮನೆ ಬಂದು ನೋಡಿಕೊಂಡು ಹೋಗಲಿ ಎಂದಳು. ವಾರವೆಲ್ಲ ಬಿಡದೆ ಪೀಡಿಸಿದಳು. ಕೊನೆಗೆ ಟೈಲರಮ್ಮ ಒಪ್ಪಿದ್ದು ಒಂದು ಷರತ್ತಿನ ಮೇಲೆ. "ನೋಡ್ಲಿ, ಎಂಜಿನ್ ಸದ್ದು ಕೇಳ್ಲಿ. ಓಡಿಸೋದು ಮಾತ್ರ ಬೇಡ." ನೋಡಿ ಹೋದ ಮೇಲೆ ಏನಾದರೊಂದು ನೆಪ ಹೇಳಿ ಬೇಡವೆನ್ನುವುದೆಂದು ಅವಳು ಮನಸ್ಸಿನಲ್ಲೇ ತೀರ್ಮಾನಿಸಿದ್ದಳು.

ಗಂಡಹೆಂಡತಿ ಬಂದರು. ಹುಡುಗಿ ಪರದೆ ಮುಟ್ಟಿ ನೋಡಿ, "ಆಂಟಿ, ಇದು ನೀವೇ ಹೊಲಿದಿದ್ದಾ? ಗೆರೆಗೆ ಗೆರೆ ಕೂಡಿಸಿದ್ದೀರಲ್ಲ!" ಎಂದಳು. ಅದನ್ನು ಗಮನಿಸಿದ ಮೊದಲನೆಯವಳು ಅವಳೇ. ಟೈಲರಮ್ಮ ಬೀಗದ ಕೈ ತಿರುಗಿಸಿದಳು. ಎಂಜಿನ್ ಗೊರಗೊರ ಎಂದಿತೇ ಹೊರತು ಹತ್ತಿಕೊಳ್ಳಲಿಲ್ಲ. ಹುಡುಗ ಇಣುಕಿ, "ಮುಳ್ಳು ಅರ್ಧ ತೋರಿಸ್ತಿದೆ," ಎಂದ.

"ಅದು ಹುಟ್ಟಾ ಸುಳ್ಳ," ಮಗಳು ಹೇಳಿದಳು. "ಪೆಟ್ರೋಲ್ ಮುಗಿದಿದೆ. ಎಲ್ಲಿಗೂ ಹೋಗದ ಗಾಡೀಲಿ ಪೆಟ್ರೋಲ್ ಎಲ್ಲಿಗೆ ಹೋಯ್ತಮ್ಮಾ?"

ಟೈಲರಮ್ಮ ಬೀಗದ ಕೈ ಹಿಂದಕ್ಕೆ ತಿರುಗಿಸಿದಳು. ಕಣ್ಣು ಮುಚ್ಚಿ ಕೂತ ಭಾನುವಾರಗಳೆಲ್ಲ ಗುಟುಕು ಗುಟುಕಾಗಿ ಅದನ್ನು ಕುಡಿದಿದ್ದವು. ಅಂಕಿ ಕದಲಲಿಲ್ಲವೆಂದು ಟ್ಯಾಂಕೂ ಕದಲದೆಂದು ಅವಳು ನಂಬಿದ್ದಳು. ಗಂಡ ಇದ್ದಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದ.

ಮಗಳು ಕ್ಯಾನು ಹಿಡಿದು ಸ್ಕೂಟರಿನಲ್ಲಿ ಬಂಕಿಗೆ ಹೋದಳು. ಅಷ್ಟರಲ್ಲಿ ಕೂಸು ಎದ್ದು ಅತ್ತಿತು. ಟೈಲರಮ್ಮ ಒಳಗೆ ಹೋಗಿ ಅದರ ಬಟ್ಟೆ ಬದಲಿಸಿ, ಹಾಲು ಕುಡಿಸಿ, ಬಂದವರಿಗೆ ಚಹಾಕ್ಕಿಟ್ಟು, ಕೂಸನ್ನು ಸೊಂಟಕ್ಕೇರಿಸಿಕೊಂಡು ಹೊರಬರುವಷ್ಟರಲ್ಲಿ ವ್ಯಾನು ಗುಡುಗುಡು ಅನ್ನುತ್ತಿತ್ತು. ಮಗಳು ಸ್ಟಿಯರಿಂಗ್ ಹಿಂದೆ ಕೂತು, ಪೆಟ್ರೋಲು ನಾರುವ ಕೈ ಒರೆಸಿಕೊಳ್ಳುತ್ತ, ಚಿಕ್ಕಂದಿನ ಹಾಗೆ ಮುಖವರಳಿಸಿ ನಕ್ಕಳು.

"ಎರಡು ಸಲ ಹೋಗಿ ತಂದು ಹಾಕಿದೆ. ಅಪ್ಪ ಹೇಳಿದ್ದು ಮರೆತಿಲ್ಲ ನೋಡಮ್ಮ. ಹಾಕಿದ ತಕ್ಷಣ ಸೊನ್ನೆ ಒತ್ತಿದೆ!"

ಟೈಲರಮ್ಮ ಕಿಟಕಿಯೊಳಗೆ ಬಗ್ಗಿ ನೋಡಿದಳು. ಮೂರು ಸೊನ್ನೆ ಸಾಲಾಗಿ ಕೂತಿದ್ದವು. ಕೂಸು ಅವಳ ಕಿವಿಯೋಲೆ ಹಿಡಿದು ಜಗ್ಗಿತು. ನೋವಾಯಿತು, ಬಿಡಿಸಿಕೊಳ್ಳಲಿಲ್ಲ. ಮಗಳು ಇನ್ನೂ ನೋಡುತ್ತಲೇ ಇದ್ದಳು, ಅಪ್ಪನ ಪಾಠ ಒಪ್ಪಿಸಿ ಶಹಬ್ಬಾಸ್‌ಗೆ ಕಾದವಳಂತೆ.

"ಒಳ್ಳೇದು ಮಾಡಿದೆ, ಚಿನ್ನಿ," ಎಂದಳು.

ಆಮೇಲೆ ಹುಡುಗನ ಕಡೆ ತಿರುಗಿ, "ಒಂದು ಸುತ್ತು ಓಡಿಸಿಕೊಂಡು ಬಾಪ್ಪ. ಓಡಿಸದೆ ಯಾರಾದ್ರೂ ಗಾಡಿ ತಗೋತಾರಾ?" ಎಂದಳು.

ಮಗಳು ಬೆರಗಾಗಿ ನಿಂತಳು. ಸುತ್ತು ಮುಗಿಸಿ ಬಂದ ಹುಡುಗ ಹೇಳಿದ ಬೆಲೆಗೆ ಟೈಲರಮ್ಮ ಒಂದು ಕಾಸೂ ಚೌಕಾಸಿ ಮಾಡಲಿಲ್ಲ. ಹುಡುಗಿಯನ್ನು ಮಾತ್ರ ಪಕ್ಕದ ಸೀಟಿನಲ್ಲಿ ಕೂರಿಸಿ ಗುಂಡಿ ತೋರಿಸಿದಳು. "ಅವನು ತುಂಬಿಸೋವಾಗ ನೀನು ಇಳಿಯಬೇಡ, ಇಲ್ಲೇ ಕೂತಿರು. ಸೊನ್ನೆ ಅಂತ ಅವನು ಕೂಗಬೇಕು, ನೀನು ಒತ್ತಿ ಆಯ್ತು ಅನ್ನಬೇಕು. ಇಬ್ಬರಲ್ಲಿ ಒಬ್ಬರು ಮರೆತ್ರೂ ಇನ್ನೊಬ್ಬರಿಗೆ ನೆನಪಿರುತ್ತೆ. ಇನ್ನೂರೈವತ್ತು ದಾಟಬೇಡಿ." ಕೆರೆಯ ದಾರಿಯನ್ನೂ ಹೇಳಿದಳು.

"ಇಷ್ಟು ದಿನ ಹಟ ಹಿಡಿದವಳು ಏಕಾಏಕಿ ಹೇಗೆ ಒಪ್ಪಿದೆ?" ಎಂದು ಮಗಳು ಕೇಳಿದಾಗ, "ಟೈರ್ ಬಿರುಕು ಬಿಟ್ಟಿದೆ ಅಂತ ನೀನೇ ಅಂದ್ಯಲ್ಲ," ಎಂದು ಹೊಲಿಗೆ ಯಂತ್ರಕ್ಕೆ ತಲೆ ಬಗ್ಗಿಸಿದಳು. ಸೂಜಿಗೆ ದಾರ ಪೋಣಿಸಲು ಮಗಳೇ ಬರಬೇಕಾಯಿತು.

ತಿಂಗಳ ಮೇಲೆ ಒಂದು ಮಧ್ಯಾಹ್ನ ಫೋನು ಬಂತು. ಕನ್ನಡಕದ ಅಂಗಡಿಯ ಹುಡುಗನ ಹೆಂಡತಿ.

"ಆಂಟಿ, ಕೆರೆ ಹತ್ರಾನೇ ಇದ್ದೀವಿ! ನಮ್ಮ ಊರಂಚಿನ ಬಂಕಲ್ಲೇ ತುಂಬಿಸಿ ಹೊರಟಿದ್ದು. ಇನ್ನೂರ ಮೂವತ್ತೆಂಟು ಆಗಿದೆ, ಇಲ್ಲಿ ಬಂಕ್ ಇದೆ. ಈಗ್ಲೇ ತುಂಬಿಸಬೇಕಾ, ವಾಪಸ್ ಬರೋವಾಗ ಸಾಕಾ?"

"ಈಗ್ಲೇ ತುಂಬಿಸಿ." ಹೊಲಿಗೆಯನ್ನು ಮಡಿಲಿಗಿಳಿಸಿ ಕೇಳಿದಳು, "ಹೋಗೋವಾಗ... ನೂರ ಎಂಬತ್ತೇಳು ಆದಾಗ ರಸ್ತೆ ಪಕ್ಕ ಒಂದು ಕಟ್ಟೆ ಕಾಣಿಸ್ತಾ? ಮೂಲೆ ಒಡೆದಿದ್ದು?"

"ನೂರ ಎಂಬತ್ತೇಳಾ?" ಹುಡುಗಿ ಯೋಚಿಸಿದಳು. "ಗೊತ್ತಾಗ್ಲಿಲ್ಲ ಆಂಟಿ. ನಾನು ನಿದ್ದೆ ಮಾಡ್ತಿದ್ನೋ ಏನೋ. ಏನಿತ್ತು ಅಲ್ಲಿ?"

"ಏನಿಲ್ಲ ತಾಯಿ. ರಸ್ತೆ."

ಆ ಕಡೆ ಪಂಪಿನ ಗುಂಯ್ ಸದ್ದು ಕೇಳುತ್ತಿತ್ತು. ಹುಡುಗಿ ಫೋನು ಕೆಳಗಿಡದೆ ಅದೂ ಇದೂ ಹೇಳುತ್ತಿದ್ದಳು: ಪರದೆಯ ಒಂದು ಉಂಗುರ ಕಿತ್ತಿದೆ, ಬಿಸಿಲಿಗೆ ಒಳಗೆಲ್ಲ ಬ್ರೆಡ್ಡಿನ ವಾಸನೆ. ಪಂಪು ನಿಂತಿತು. ದೂರದಿಂದ, ಗಾಳಿಯಲ್ಲಿ ಹರಿದು ಬಂದಂತೆ, ಒಂದು ಗಂಡುದನಿ ಕೂಗಿತು: "ಸೊನ್ನೆ!"

ಹುಡುಗಿ ಮಾತಿನ ಭರದಲ್ಲಿದ್ದಳು. ಟೈಲರಮ್ಮನ ಮಡಿಲಿನಿಂದ ಅರ್ಧ ಹೊಲಿದ ಪ್ಯಾಂಟು ಜಾರಿ ನೆಲಕ್ಕೆ ಬಿತ್ತು.

"ಆಯ್ತು," ಎಂದಳು ಅವಳು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ಆಮೇಲೆ ದನಿ ಏರಿಸಿ, "ಮಾತು ಸಾಕು ಹುಡುಗಿ, ಕೂಗ್ತಿದ್ದಾನೆ ನೋಡು. ಒತ್ತು," ಎಂದಳು.